ಮತ್ತ ನಿಂತಾಗ ಹೇಳತೇನಿ

ಚನ್ನವ್ವನ ಎಡ ಮೊಣಕಾಲು ಮುನವಳ್ಳಿಯ ಆ ಓಣಿಯಲ್ಲೆಲ್ಲ ಹೆಸರುವಾಸಿ. ಸವದತ್ತಿಯ ಡಾಕ್ಟರು ಅದಕ್ಕೆ ಇಂಜೆಕ್ಷನ್ ಮಾಡಿದ್ದರು, ರಾಮದುರ್ಗದ ಒಬ್ಬ ನಾಟಿ ವೈದ್ಯ ಎಣ್ಣೆ ಕೊಟ್ಟಿದ್ದ, ಎದುರುಮನೆಯ ಸತ್ಯವ್ವ ಎಕ್ಕದ ಎಲೆ ಕಾಸಿ ಕಟ್ಟಿದ್ದಳು. ಅದು ಯಾರ ಮಾತನ್ನೂ ಕೇಳಿರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕೋಣ ಬರ್ರಿ ಎಂದರೆ ಒಲ್ಲೆ ಅನ್ನುತ್ತಿತ್ತು. ಮೆಣಸಿನಕಾಯಿಗೂ ಒಲ್ಲೆ, ಶಾವಿಗೆಗೂ ಒಲ್ಲೆ. ಏಳೆಂಟು ವರ್ಷದಿಂದ ಆ ಮೊಣಕಾಲಿನ ಪಾಲಿನ ಮೆಟ್ಟಿಲುಗಳನ್ನೂ ಹಿರಿಯ ಸೊಸೆ ಅನ್ನಪೂರ್ಣಾ ತಾನೇ ಹತ್ತಿ ಇಳಿಯುತ್ತಿದ್ದಳು.

ಹೀಗಿರುವಾಗ ಚಳಿ ಜೋರಾಗಿ ಹಿಡಿದ ಒಂದು ಮಧ್ಯಾಹ್ನ, ಊಟವಾದ ಮೇಲೆ, ಆ ಮೊಣಕಾಲು ಎದ್ದಿತು. ಶೇಂಗಾ ತುಂಬಿದ ಮೊರ ಸೊಂಟದ ಮೇಲಿದ್ದಂತೆಯೇ, ಯಾರ ಹೆಗಲನ್ನೂ ಕೇಳದೆ, ಮೆಟ್ಟಿಲು ಏರಿ ಕಿರಿಯ ಸೊಸೆ ಉಮಾಶ್ರೀಯ ಕೋಣೆಗೆ ಹೋಯಿತು. ಚನ್ನವ್ವ ಅದರ ಜೊತೆಗೆ ಹೋದಳು.

ಅನ್ನಪೂರ್ಣಾ ಪಡಸಾಲೆಯಲ್ಲಿ ಒಬ್ಬಳೇ ಕುಳಿತಳು. ಕೈಯಲ್ಲಿ ಒಡೆದ ಒಂದು ಶೇಂಗಾ ಇತ್ತು. ಅದನ್ನು ಹಾಕಲು ಮೊರ ಇರಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ಸೀರಿಯಲ್ಲು. ಅನ್ನಪೂರ್ಣಾಳ ಗಂಡ ನಿಜಗುಣಪ್ಪನಿಗೆ ಊರಲ್ಲಿ ಬೀಜ-ಗೊಬ್ಬರದ ಅಂಗಡಿ. ಲಾಕ್‌ಡೌನಿನಲ್ಲಿ ಮಗಳು ಶಿವಾನಿಯ ಶಾಲೆ ಮನೆಯೊಳಗೇ ನಡೆಯಬೇಕಾದಾಗ ಆತ ಒಂದು ಕಂಪ್ಯೂಟರ್ ತಂದು ಪಡಸಾಲೆಯಲ್ಲಿ ಸ್ಥಾಪಿಸಿದ್ದ. ಈಗ ಶಿವಾನಿ ಬಸ್ಸಿನಲ್ಲಿ ಸವದತ್ತಿಯ ಕಾಲೇಜಿಗೆ ಹೋಗುತ್ತಾಳೆ, ಅವಳ ಕಾಲೇಜೆಲ್ಲ ಫೋನಿನಲ್ಲೇ ಇರುತ್ತದೆ. ಕಂಪ್ಯೂಟರ್ ಮಾತ್ರ ಪಡಸಾಲೆಯಲ್ಲೇ ಉಳಿಯಿತು. ಮನೆಗೆ ನೆಟ್ ಹಾಕಿಸಿದ ದಿನವೇ ನಿಜಗುಣಪ್ಪ ಟೀವಿಯ ಕೇಬಲ್ ಕೀಳಿಸಿ, ಇನ್ನು ಎಲ್ಲವೂ ಇದರೊಳಗೇ ಬರುತ್ತದೆ ಎಂದು ಸಾರಿದ್ದ. ಅಂದಿನಿಂದ ದಿನಾ ಮಧ್ಯಾಹ್ನ ಅತ್ತೆ ಮತ್ತು ಹಿರಿಯ ಸೊಸೆ ಕಂಪ್ಯೂಟರಿನ ಮುಂದೆ ಕುಳಿತು, ಶೇಂಗಾ ಒಡೆಯುತ್ತ, ಎಂದೋ ಮುಗಿದುಹೋದ ಒಂದು ಸೀರಿಯಲ್ಲನ್ನು ಮೊದಲಿನಿಂದ ನೋಡುತ್ತಿದ್ದರು. ಅದರಲ್ಲಿ ಒಬ್ಬ ಅತ್ತೆ, ಮೂವರು ಸೊಸೆಯರು, ಒಂದು ಬಾಟಲಿ ವಿಷ.

ಇತ್ತೀಚೆಗೆ ಪಡಸಾಲೆಯ ಕಂಪ್ಯೂಟರಿಗೆ ರೋಗ ಹತ್ತಿತ್ತು. ಮಾತು ಮುಂದೆ ಹೋಗುತ್ತಿತ್ತು, ಚಿತ್ರ ಹಿಂದೆ ಉಳಿಯುತ್ತಿತ್ತು. ಸೀರಿಯಲ್ಲಿನ ಅತ್ತೆ ಬೈದು ಮುಗಿಸಿ, ಮಾವ ಕೆಮ್ಮಲು ಶುರು ಮಾಡಿದ ಮೇಲೆ ಅತ್ತೆಯ ಬಾಯಿ ತೆರೆಯುತ್ತಿತ್ತು. ಆ ಬಾಯಿಂದ ಮಾವನ ಕೆಮ್ಮು ಬರುತ್ತಿತ್ತು. ಒಮ್ಮೆ ಮದುವೆಯ ಮಂತ್ರ ಕೇಳುತ್ತಿರುವಾಗ ತೆರೆಯ ಮೇಲೆ ಹೆಣ ಹೊರುತ್ತಿದ್ದರು. ಅನ್ನಪೂರ್ಣಾ ಗಣಿತದ ಮಾಸ್ತರರಂತೆ ಕಂಪ್ಯೂಟರಿನ ಬೆನ್ನಿಗೆ ಎರಡು ಬಾರಿಸುತ್ತಿದ್ದಳು, ಅದು ಸ್ವಲ್ಪ ಓಡಿ ಮತ್ತೆ ತೊಡರುತ್ತಿತ್ತು. ಚನ್ನವ್ವ ಎರಡು ವಾರ ಸಹಿಸಿದಳು.

"ಇದರಾಗ ಗಂಡ ಯಾಂವ, ಹೆಂಡ್ತಿ ಯಾಕಿ ಅನ್ನೂದ ತಿಳೀವಲ್ದವಾ," ಎಂದಳು ಆ ದಿನ. "ಉಮಾಶ್ರೀದ್ರಾಗ ಛಲೋ ಬರತೈತಂತ."

ಉಮಾಶ್ರೀ ಸಂಗೊಳ್ಳಿಯ ಹುಡುಗಿ. ಅನ್ನಪೂರ್ಣಾಳ ಮೈದುನ ಸುಭಾಸನನ್ನು ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಬರುವಾಗ ಬೀರುವಿನ ಜೊತೆ ಒಂದು ಲ್ಯಾಪ್‌ಟಾಪನ್ನೂ ತಂದಿದ್ದಳು. ಬೀರು ಮೆಟ್ಟಿಲಲ್ಲಿ ಸಿಕ್ಕಿಕೊಂಡು ಅರ್ಧ ದಿನ ಅಲ್ಲೇ ನಿಂತಿತ್ತು, ಲ್ಯಾಪ್‌ಟಾಪ್ ಸುಲಭವಾಗಿ ಮೇಲೆ ಹೋಗಿತ್ತು. ಆಗ ಅದರ ಬಗ್ಗೆ ಅನ್ನಪೂರ್ಣಾ ಯೋಚಿಸಿರಲಿಲ್ಲ.

ಈಗ ದಿನಾ ಮಧ್ಯಾಹ್ನ ಮೇಲಿನಿಂದ ನಗು ಕೇಳಿಬರತೊಡಗಿತು. ಮೊದಲು ಉಮಾಶ್ರೀಯ ನಗು, ಆಮೇಲೆ ಚನ್ನವ್ವನ ನಗು, ಆಮೇಲೆ ಎರಡೂ ಕೂಡಿ. ಸೀರಿಯಲ್ಲಿನಲ್ಲಿ ಆ ವಾರ ಒಬ್ಬ ಸೊಸೆ ಸತ್ತಿದ್ದಳು ಎಂಬುದು ಅನ್ನಪೂರ್ಣಾಳಿಗೆ ಗೊತ್ತಿತ್ತು. ಸತ್ತವರ ಮನೆಯಲ್ಲಿ ಇಷ್ಟು ನಗುವಂಥದ್ದು ಏನಿದೆ ಎಂಬುದು ಗೊತ್ತಾಗಲಿಲ್ಲ.

ಸಂಜೆ ಚಹಾಕ್ಕೆ ಉಮಾಶ್ರೀ ಅಡುಗೆಮನೆಗೆ ಬಂದಳು. ಅನ್ನಪೂರ್ಣಾ ಒಲೆಯ ಮುಂದಿನಿಂದ ಸರಿಯಲಿಲ್ಲ.

"ಅತ್ತಿನ್ನ ಮ್ಯಾಗ ಒಯ್ದಾಕಿ ಒಲಿನೂ ಒಯ್ಯಬೇಕಿತ್ತಲ್ಲವಾ."

"ನಾ ಎಲ್ಲೆ ಒಯ್ದೇನ್ರಿ ಅಕ್ಕಾರ. ಅವರ ಬಂದಾರ."

"ಹೌದ. ನಾ ಕರದರ ಮೊಣಕಾಲ ಬ್ಯಾನಿ. ನೀ ಸುಮ್ಮ ಕುಂತರ ಮೊಣಕಾಲ ಓಡಿ ಬರತೈತಿ."

"ನನ್ನದ್ರಾಗ ಒಮ್ಮೊಮ್ಮೆ ನಿಂತರೂ ಮಾತು ಚಿತ್ರಾ ಕೂಡೇ ಬರತಾವಲ್ಲರಿ, ಅದಕ್ಕ ಬಂದಿರಬೇಕು."

ಉಮಾಶ್ರೀ ಇದನ್ನು ಸಹಜವಾಗಿಯೇ ಹೇಳಿದಳು, ಸಕ್ಕರೆ ಡಬ್ಬಿ ಹುಡುಕುತ್ತ. ಆದರೆ 'ನನ್ನದ್ರಾಗ' ಎನ್ನುವ ಮಾತು ಅನ್ನಪೂರ್ಣಾಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಅವಳು ಮೀನು ತಿನ್ನುವ ಪೈಕಿ ಅಲ್ಲ, ಆದರೂ ಸಿಕ್ಕಿಕೊಂಡಿತು.

ಅನ್ನಪೂರ್ಣಾಳಿಗೆ ಆ ಚಳಿಗಾಲದಲ್ಲಿ ಒಂದೇ ಒಂದು ಸಮಾಧಾನವಿತ್ತು. ಅದು ಮೊಸರು. ಓಣಿಯಲ್ಲಿ ಯಾರ ಮನೆಯಲ್ಲೂ ಮೊಸರು ಹೆಪ್ಪಾಗುತ್ತಿರಲಿಲ್ಲ. ಸತ್ಯವ್ವ ಗಡಿಗೆಯನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟಳು, ಗಂಡನ ಸ್ವೆಟರು ಸುತ್ತಿದಳು, ಹಾಲು ಹಾಲಾಗಿಯೇ ಉಳಿಯಿತು. ಅನ್ನಪೂರ್ಣಾಳ ಗಡಿಗೆ ಮಾತ್ರ ಊಟದ ಹೊತ್ತಿಗೆ ಗಟ್ಟಿಯಾಗಿ ನಿಂತಿರುತ್ತಿತ್ತು. ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಹೆಪ್ಪು ಕೇಳಲು ಬಂದ ಸತ್ಯವ್ವ ಒಂದು ದಿನ ಚಮಚ ಬಿಟ್ಟು ಈಳಿಗೆ ಕೇಳಿದಳಂತೆ. ಇಂಥ ಮೊಸರು ತನ್ನ ಅತ್ತೆಯ ಕೈಯಲ್ಲೂ ಆಗಿರಲಿಲ್ಲ ಎಂದು ಚನ್ನವ್ವ ಪಂಕ್ತಿಯಲ್ಲೇ ಹೇಳಿದ್ದಳು, ಉಮಾಶ್ರೀ ಎದುರಿಗಿರುವಾಗ.

ಮೊಸರು ಆಗುತ್ತಿದ್ದದ್ದು ಕಂಪ್ಯೂಟರಿನ ಮೇಲೆ. ನಿಜಗುಣಪ್ಪ ಬೆಳಿಗ್ಗೆ ಹತ್ತಿಯ ದರ ನೋಡಲು ಅದನ್ನು ಚಾಲೂ ಮಾಡಿ, ಹಾಗೆಯೇ ಬಿಟ್ಟು ಅಂಗಡಿಗೆ ಹೋಗುತ್ತಿದ್ದ. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಪೆಟ್ಟಿಗೆ ಹದವಾಗಿ ಬೆಚ್ಚಗಾಗುತ್ತದೆ ಎಂದು ಅನ್ನಪೂರ್ಣಾ ಒಮ್ಮೆ ಕಸ ಗುಡಿಸುವಾಗ ಕಂಡುಹಿಡಿದಿದ್ದಳು. ಅಂದಿನಿಂದ ಹಾಲಿಗೆ ಹೆಪ್ಪು ಹಾಕಿ, ಗಡಿಗೆಯನ್ನು ಪೆಟ್ಟಿಗೆಯ ಮೇಲಿಟ್ಟು, ಶಿವಾನಿಯ ತೊಟ್ಟಿಲಿಗೆ ಚನ್ನವ್ವ ಹೊಲಿದಿದ್ದ ದಪ್ಪ ಕೌದಿಯನ್ನು ಎಲ್ಲ ಕಡೆಯಿಂದ ಹೊಚ್ಚಿಬಿಡುತ್ತಿದ್ದಳು. ಕೇಳಿದವರಿಗೆ, ಧೂಳು ಹತ್ತಬಾರದು ಎನ್ನುತ್ತಿದ್ದಳು. ಮಧ್ಯಾಹ್ನ ಒಂದು ಗಡಿಗೆ ಇಳಿದರೆ ರಾತ್ರಿಗೆ ಇನ್ನೊಂದು ಏರುತ್ತಿತ್ತು. ಪೆಟ್ಟಿಗೆ ಒಳಗೊಳಗೇ ಜೋಳದ ಗಿರಣಿಯಂತೆ ಗುಂಯ್ ಅನ್ನುತ್ತಿತ್ತು. ಮೊಸರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ.

ಅದು ಮೊಸರಿನ ವಿಷಯವಾಯಿತು. ಸೀರಿಯಲ್ಲಿನ ವಿಷಯ ಬೇರೆ, ಅದಕ್ಕೆ ಕಾರಣ ಉಮಾಶ್ರೀ, ಎಂಬುದರಲ್ಲಿ ಅನ್ನಪೂರ್ಣಾಳಿಗೆ ಸಂಶಯವಿರಲಿಲ್ಲ. ಅನ್ನಪೂರ್ಣಾಳ ತವರಿನ ಹೊಲ ರಾಮದುರ್ಗದ ಕಡೆ, ಕಾಲುವೆಯ ಕಟ್ಟಕಡೆಗೆ ಇತ್ತು. ನೀರು ಯಾರ ಹೊಲದಲ್ಲಿ ನಿಂತುಬಿಡುತ್ತದೆ ಎಂಬುದನ್ನು ಅವಳು ಕೂಸಾಗಿದ್ದಾಗಿನಿಂದ ಕಂಡಿದ್ದಳು. ವೈಫೈ ಡಬ್ಬಿ ಇದ್ದದ್ದು ಮೆಟ್ಟಿಲಿನ ತಲೆಗೆ, ಉಮಾಶ್ರೀಯ ಬಾಗಿಲ ಪಕ್ಕದ ಗೋಡೆಯ ಮೇಲೆ. ಊಟಕ್ಕೆ ಎಲ್ಲರೂ ಕುಳಿತಾಗ ಅನ್ನಪೂರ್ಣಾ ವಿಷಯ ತೆಗೆದಳು.

"ಮೊದಲಿನ ಹೊಲದವರು ಗೇಟ ತಗದ ಇಟ್ಟರ ಕಡೀ ಹೊಲಕ್ಕ ಏನ ಬರತೈತ್ರಿ? ಬರೇ ಕಪ್ಪಿ."

ನಿಜಗುಣಪ್ಪ ಯಾವ ಹೊಲ ಎಂದು ಕೇಳಿದ.

"ನಿಮ್ಮ ನೆಟ್ಟಿನ ಹೊಲ. ಮ್ಯಾಗಿನವರು ಎಲ್ಲಾ ಹೀರಕೊಳ್ಳಾಕ ಹತ್ಯಾರ. ಕೆಳಗ ನಾವು ಬಾಯಿ ತಕ್ಕೊಂಡ ಕುಂದ್ರೂದು."

ನೆಟ್ ಅಂದರೆ ನೀರಲ್ಲ ಎಂದು ನಿಜಗುಣಪ್ಪ ತಿಳಿಸಿ ಹೇಳಲು ಹೊರಟ. ಹಾಗಾದರೆ ಏನು ಎಂದು ಹೆಂಡತಿ ಕೇಳಿದಾಗ ಪಲ್ಯ ಬಡಿಸಿಕೊಂಡ. ಸುಭಾಸ ಸವದತ್ತಿಯ ಒಂದು ಸೊಸೈಟಿಯಲ್ಲಿ ಕಾರಕೂನ. ಇಬ್ಬರು ಹೆಂಗಸರ ನಡುವಿನ ಮಾತಿಗೆ ಸಹಿ ಹಾಕಬಾರದು ಎಂಬಷ್ಟು ಅವನಿಗೆ ತಿಳಿದಿತ್ತು. ರೊಟ್ಟಿಯನ್ನು ಸಣ್ಣದಾಗಿ ಮುರಿಯುತ್ತ ಹೋದ, ಕೊನೆಗೆ ಅದು ಪುಡಿಯಾಯಿತು.

"ಡಬ್ಬಿ ಕೆಳಗ ತರಸ್ರಿ ಭಾವಾರ," ಎಂದಳು ಉಮಾಶ್ರೀ. "ನಂದೇನ ಅಡ್ಡಿಲ್ಲ."

ಅಡ್ಡಿ ಇದೆ ಎಂದಿದ್ದರೆ ಅನ್ನಪೂರ್ಣಾಳಿಗೆ ಹಗುರಾಗುತ್ತಿತ್ತು. ಇಲ್ಲ ಎಂದದ್ದು ಇಡೀ ರಾತ್ರಿ ಕುಟುಕಿತು.

ನೆಟ್ಟಿನ ಮುಸ್ತಕೀಮ ಬಂದ. ಊರಿನ ಅರ್ಧ ಮನೆಗಳಿಗೆ ತಂತಿ ಎಳೆದವನು ಅವನೇ. ಡಬ್ಬಿಯನ್ನು ಮೇಲಿನಿಂದ ಕಿತ್ತು ತಂದು ಪಡಸಾಲೆಯಲ್ಲಿ ಕಂಪ್ಯೂಟರಿನ ಪಕ್ಕಕ್ಕೇ ಕೂಡಿಸಿದ. ಅವಲಕ್ಕಿ ತಿಂದ, ಮೊಸರನ್ನು ಎರಡು ಸಲ ಹಾಕಿಸಿಕೊಂಡ. ಇನ್ನು ನಿಲ್ಲುವುದಿಲ್ಲ ವೈನಿ ಎಂದು ಭರವಸೆ ಕೊಟ್ಟು ಹೋದ. ಮೇಲೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಉಮಾಶ್ರೀಯೂ ಹೇಳಲಿಲ್ಲ.

ಕೆಳಗೆ ಏನೂ ಆಗಲಿಲ್ಲ. ಸೀರಿಯಲ್ಲಿನ ಅತ್ತೆ ಹಾಗೆಯೇ ಮಾವನ ದನಿಯಲ್ಲಿ ಕೆಮ್ಮಿದಳು. ಚನ್ನವ್ವನ ಮೊಣಕಾಲು ಹಾಗೆಯೇ ಮೆಟ್ಟಿಲು ಏರಿತು. ಮೇಲಿನ ನಗು ಕಡಿಮೆಯಾಗುವ ಬದಲು ಹೆಚ್ಚಿತು. ಈಗ ನಡುನಡುವೆ ಚಪ್ಪಾಳೆಯೂ ಇತ್ತು.

ಅನ್ನಪೂರ್ಣಾ ಗಂಡನ ಬೆನ್ನು ಹತ್ತಿದಳು. ದೊಡ್ಡ ಪ್ಲಾನು ಹಾಕಿಸಿರಿ ಎಂದಳು. ನಿಜಗುಣಪ್ಪ ಗೋವಿನಜೋಳದ ದರ ಹೇಳಿದ. ಅವಳು ಎರಡು ದಿನ ಅವನ ರೊಟ್ಟಿಗೆ ಬೆಣ್ಣೆ ಹಾಕಲಿಲ್ಲ. ದೊಡ್ಡ ಪ್ಲಾನು ಬಂತು. ಅದು ಇಡೀ ಓಣಿಗೆ ಸಾಲುವಷ್ಟು ದೊಡ್ಡದು ಎಂದು ಮುಸ್ತಕೀಮ ಹೇಳಿದ. ಸತ್ಯವ್ವನ ಮನೆಯವರಂತೂ ಅದನ್ನು ಖರೆ ಮಾಡಿ ತೋರಿಸಿದರು. ಪಾಸ್‌ವರ್ಡ್ ಅವರಿಗೆ ಹೇಗೆ ಸಿಕ್ಕಿತೋ, ಕಟ್ಟೆಯ ಮೇಲೆ ಕುಳಿತು ಸಿನಿಮಾ ನೋಡಿದರು. ಪಡಸಾಲೆಯಲ್ಲಿ ಮಾತ್ರ ಮಾತು ಮುಂದೆ, ಬಾಯಿ ಹಿಂದೆ.

ಭಾನುವಾರ ಶಿವಾನಿ ಮನೆಯಲ್ಲಿದ್ದಳು. ತಾಯಿಯ ಗೊಣಗಾಟ ಕೇಳಿ ಕೇಳಿ ಕಂಪ್ಯೂಟರಿನ ಮುಂದೆ ಕುಳಿತು, ನೆಟ್ಟಿನ ವೇಗ ಅಳೆಯುವ ಪುಟ ತೆಗೆದಳು. ಮುಳ್ಳು ಸರ್ರನೆ ಬಲಕ್ಕೆ ಹೋಗಿ ಅಲ್ಲೇ ನಿಂತಿತು.

"ನೆಟ್ ಬರಾಬರಿ ಐತಿ ಮಮ್ಮಿ. ಮ್ಯಾಗಿನ ಕಾಕು ಏನೂ ಹೀರಕೊಳ್ಳಾಕ ಹತ್ತಿಲ್ಲ. ಈ ಕಂಪ್ಯೂಟರಿಗೇ ಏನೋ ಆಗೇತಿ."

ಅವಳು ಬಗ್ಗಿ ಮೇಜಿನ ಕೆಳಗೆ ಕಿವಿಯಿಟ್ಟಳು. ಒಳಗಿನಿಂದ ಗಿರಣಿಯ ಸದ್ದು ಬರುತ್ತಿತ್ತು. ಕೌದಿಯ ಅಂಚಿಗೆ ಕೈ ಹಾಕಿದಳು.

"ಅದನ್ನ ಮುಟ್ಟಬ್ಯಾಡ," ಎಂದಳು ಅನ್ನಪೂರ್ಣಾ.

ಶಿವಾನಿ ಎತ್ತಿದಳು. ಒಳಗಿನಿಂದ ಬಿಸಿ ಹಬೆ ಬಂದು ಅವಳ ಕನ್ನಡಕ ಮಂಜಾಯಿತು. ಭಾನುವಾರವಾದ್ದರಿಂದ ಎಲ್ಲರೂ ಅಲ್ಲಿದ್ದರು. ನಿಜಗುಣಪ್ಪ ದಿನಪತ್ರಿಕೆ ಮಡಚಿದ.

"ಮಮ್ಮಿ, ಇದೇನ?"

"ಮಸರು."

"ಇಲ್ಲ್ಯಾಕೈತಿ?"

"ಮತ್ತೆಲ್ಲಿಡ್ಲಿ? ಬ್ಯಾರೆ ಕಡೆ ಹೆಪ್ಪ ಆಗವಲ್ದು."

ನಿಜಗುಣಪ್ಪ ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟ. ಥಟ್ಟನೆ ತೆಗೆದ.

"ಇದರ ಮ್ಯಾಗ ರೊಟ್ಟಿನೂ ಸುಡಬಹುದಿತ್ತಲ್ಲ," ಎಂದ.

ಚನ್ನವ್ವ ಗಡಿಗೆಯನ್ನೂ ಸೊಸೆಯನ್ನೂ ನೋಡಿದಳು. "ನಾ ಇಷ್ಟ ದಿನಾ ನಿನ್ನ ಕೈಗುಣಾ ಹೊಗಳೀನಲ್ಲ," ಎಂದಳು.

ಉಮಾಶ್ರೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಅವಳ ಹೆಗಲು ಕುಣಿಯುತ್ತಿದ್ದದ್ದನ್ನು ಅನ್ನಪೂರ್ಣಾ ನೋಡಿ ಇಟ್ಟುಕೊಂಡಳು.

ಪೆಟ್ಟಿಗೆಗೆ ಉಸಿರಾಡಲು ಜಾಗವಿರಲಿಲ್ಲ, ಕಾದು ಕಾದು ಅದಕ್ಕೆ ತಲೆ ತಿರುಗುತ್ತಿತ್ತು, ಚಿತ್ರವನ್ನು ಮಾತಿನ ಜೊತೆ ಓಡಿಸಲು ಅದಕ್ಕೆ ತ್ರಾಣವಿರಲಿಲ್ಲ ಎಂದು ಶಿವಾನಿ ವಿವರಿಸಿದಳು. ಸುಭಾಸ ಸೈಕಲ್ ಪಂಪು ತಂದ. ಪೆಟ್ಟಿಗೆ ಬಂದ್ ಮಾಡಿ, ಪಕ್ಕದ ಮುಚ್ಚಳ ತೆಗೆದು ಗಾಳಿ ಹೊಡೆದರು. ಒಳಗಿನಿಂದ ಬಂದ ಅರಳೆಯಲ್ಲಿ ಒಂದು ತಲೆದಿಂಬು ಆಗುತ್ತಿತ್ತು. ನಿಜಗುಣಪ್ಪ ಕಳೆದ ದಸರೆಯಿಂದ ತೆಗೆದು ತೆಗೆದು ಮುಚ್ಚದೇ ಬಿಟ್ಟ ಹತ್ತಿ ದರದ ಪುಟಗಳನ್ನೆಲ್ಲ ಶಿವಾನಿ ಮುಚ್ಚಿದಳು. ಇಷ್ಟು ಪುಟಗಳಿಗೆ ರಟ್ಟು ಹಾಕಿದ್ದರೆ ಪುರಾಣವಾಗುತ್ತಿತ್ತು. ಆಮೇಲೆ ಸೀರಿಯಲ್ ಹಚ್ಚಿದರು. ಅತ್ತೆಯ ಬಾಯಿ ತೆರೆಯಿತು, ಅತ್ತೆಯದೇ ದನಿ ಬಂತು. ಡ್ಯಾಮಿನ ಗೇಟು ತೆಗೆದಂತೆ ಒಂದೇ ಸಮನೆ ಹರಿಯಿತು.

ಮರುದಿನದಿಂದ ಮನೆಯಲ್ಲಿ ಮೊಸರು ಇಲ್ಲವಾಯಿತು. ಒಲೆಯ ಹಿಂದೆ ಇಟ್ಟ ಗಡಿಗೆಯಲ್ಲಿ ಹಾಲು ಅತ್ತ ಹಾಲೂ ಅಲ್ಲ ಇತ್ತ ಮೊಸರೂ ಅಲ್ಲ ಎನ್ನುವಂತೆ ನಿಂತಿತು. ಸತ್ಯವ್ವ ಬಟ್ಟಲು ಹಿಡಿದು ಬಂದು, ನೋಡಿ, ಸಮಾಧಾನಪಟ್ಟುಕೊಂಡು ಹೋದಳು. ಅನ್ನಪೂರ್ಣಾ ಅದನ್ನೂ ನುಂಗಿದಳು. ಒಂದು ಹೋದರೆ ಹೋಯಿತು, ಇನ್ನೊಂದು ಬರುತ್ತದೆ.

ಬಂತು. ಚನ್ನವ್ವ ಮಧ್ಯಾಹ್ನ ಪಡಸಾಲೆಯಲ್ಲೇ ಕುಳಿತಳು, ಶೇಂಗಾದ ಮೊರವೂ ಕೆಳಗೇ ಉಳಿಯಿತು. ಅನ್ನಪೂರ್ಣಾ ಅತ್ತೆಯ ಬೆನ್ನಿಗೆ ದಿಂಬು ಕೊಟ್ಟಳು, ಮೊಣಕಾಲಿನ ಕೆಳಗೆ ಇನ್ನೊಂದು ಕೊಟ್ಟಳು. ಸೀರಿಯಲ್ ಓಡಿತು. ಒಂದು ಕಂತು ಮುಗಿದರೆ ಮುಂದಿನದು ತಾನಾಗಿಯೇ ಶುರುವಾಗುತ್ತಿತ್ತು. ನಡುವೆ ಒಂದು ಕೂದಲಿನಷ್ಟೂ ಸಂದಿ ಇರಲಿಲ್ಲ. ಚನ್ನವ್ವ ಒಂದೆರಡು ಸಲ ಗಂಟಲು ಸರಿ ಮಾಡಿಕೊಂಡಳು.

"ಹಿಂಗ ನಮ್ಮ ತವರಮನ್ಯಾಗ ಒಮ್ಮೆ..."

"ತಡೀರಿ ಅತ್ತಿ. ಈಗ ಅಕಿ ಹಾಲಾಗ ವಿಷಾ ಹಾಕತಾಳ."

ಚನ್ನವ್ವ ತಡೆದಳು. ವಿಷ ಬಿತ್ತು. ಹಾಲನ್ನು ಬೇರೆ ಯಾರೋ ಕುಡಿದರು. ಅದರ ಹಿಂದೆಯೇ ಪೊಲೀಸರು ಬಂದರು. ಚನ್ನವ್ವ ಮತ್ತೊಮ್ಮೆ ಬಾಯಿ ತೆರೆದಳು, ಅನ್ನಪೂರ್ಣಾ ಧ್ವನಿ ಏರಿಸಿದಳು, ಅತ್ತೆಗೆ ಕೇಳಿಸುತ್ತಿಲ್ಲವೇನೋ ಎಂದು. ಸಂಜೆಯ ತನಕ ಶೇಂಗಾ ಸಿಪ್ಪೆಯ ಸದ್ದು ಬಿಟ್ಟರೆ ಇಬ್ಬರ ನಡುವೆ ಬೇರೆ ಸದ್ದಿರಲಿಲ್ಲ. ಇಷ್ಟು ಚಂದ ಓಡಿದ್ದು ಇದೇ ಮೊದಲು ಎಂದು ಅನ್ನಪೂರ್ಣಾ ರಾತ್ರಿ ಗಂಡನಿಗೆ ಹೇಳಿದಳು.

ವಾರ ತುಂಬುವ ಮೊದಲೇ ಮೊಣಕಾಲು ಮತ್ತೆ ಎದ್ದು ಮೆಟ್ಟಿಲು ಏರಿತು.

ಅನ್ನಪೂರ್ಣಾಳಿಗೆ ಮೈಯೆಲ್ಲ ಮೆಣಸಿನಪುಡಿ ಬಿದ್ದಂತಾಯಿತು. ನೆಟ್ ಇಲ್ಲಿ, ಡಬ್ಬಿ ಇಲ್ಲಿ, ದೊಡ್ಡ ಪ್ಲಾನು ಇಲ್ಲಿ, ದಿಂಬು ಎರಡು ಇಲ್ಲಿ. ಮೇಲೆ ಏನಿದೆ? ಹಿಂಡಿದ ಸೀರೆಯೊಂದನ್ನು ಒಣಹಾಕುವ ನೆಪಕ್ಕೆ ತೋಳ ಮೇಲೆ ಹಾಕಿಕೊಂಡು, ಬರಿಗಾಲಲ್ಲಿ ಮೆಟ್ಟಿಲು ಹತ್ತಿ, ಅರ್ಧ ತೆರೆದ ಬಾಗಿಲಿನ ಹೊರಗೆ ನಿಂತಳು.

ಲ್ಯಾಪ್‌ಟಾಪ್ ಮಂಚದ ಮೇಲಿತ್ತು. ಅದರಲ್ಲಿ ಚಿತ್ರವಿರಲಿಲ್ಲ. ನಡುವೆ ಒಂದು ಬಿಳಿ ಚಕ್ರ ತಿರುಗುತ್ತಿತ್ತು. ಡಬ್ಬಿ ಕೆಳಗೆ ಹೋದಂದಿನಿಂದ ಮೇಲಿನ ಕೋಣೆಗೆ ನೆಟ್ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅಲ್ಲಿಯವರೆಗೆ ತಿರುಗಿದ್ದನ್ನೆಲ್ಲ ಒಂದು ಗಾಡಿಯ ಗಾಲಿಗೆ ಕೊಟ್ಟಿದ್ದರೆ ಅದು ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುತ್ತಿತ್ತು. ಚನ್ನವ್ವನೂ ಉಮಾಶ್ರೀಯೂ ಅದರ ಕಡೆ ನೋಡುತ್ತಲೂ ಇರಲಿಲ್ಲ. ಎದುರುಬದುರು ಕಾಲು ಚಾಚಿ ಕುಳಿತಿದ್ದರು.

"ಮದಿವ್ಯಾಗಿ ಬಂದ ಮ್ಯಾಲ ನಾ ಅಳತಿದ್ದೆ," ಎನ್ನುತ್ತಿದ್ದಳು ಚನ್ನವ್ವ. "ಅವ್ವನ ಸಲುವಾಗಿ ಅಂತ ಎಲ್ಲಾರೂ ತಿಳದ್ರು. ನಾ ಅಳತಿದ್ದದ್ದು ನಮ್ಮ ಮನಿ ಎಮ್ಮಿ ಸಲುವಾಗಿ. ನನ್ನ ಕೈಯಾಗ ಬೆಳದದ್ದದು. ಹೇಳಾಕ ನಾಚಿಕಿ. ನಮ್ಮತ್ತಿಗೆ ಹೆಂಗೋ ಗೊತ್ತಾತು. ಒಂದಿನ ಮುಂಜಾನೆದ್ದು ಮಾವಗ ಏನಂದ್ಲು ಗೊತ್ತೈತೇನ?"

"ಏನಂದ್ರು?"

"ಸೊಸಿ ತವರಿಂದ ಸುದ್ದಿ ಬಂದೈತಿ, ಎಮ್ಮಿ ಹಾಲ ಕೊಡವಲ್ದಂತ, ಇಕಿ ಹೋಗಿ ಹಿಂಡಬೇಕಂತ. ಸುದ್ದಿನೂ ಇಲ್ಲ, ಏನೂ ಇಲ್ಲ. ಮಾವ ಖರೆ ಅಂತ ತಿಳಕೊಂಡು ಗಾಡಿ ಹೂಡಿದ. ನಾ ಅಲ್ಲಿ ಹೋಗಿ ನೋಡತೇನಿ..."

ಚಕ್ರ ನಿಂತು ಚಿತ್ರ ಬಂತು. ಯಾರೋ ಅಳತೊಡಗಿದರು.

"ಇದೊಂದ ಹೊಂಟ್ತ ನೋಡ," ಎಂದಳು ಚನ್ನವ್ವ ಬೇಸರದಿಂದ. "ತಡಿ, ಮತ್ತ ನಿಂತಾಗ ಹೇಳತೇನಿ."

ಅನ್ನಪೂರ್ಣಾ ಹದಿನೆಂಟು ವರ್ಷ ಆ ಮನೆಯಲ್ಲಿ ಬಾಳಿದ್ದಳು. ಅತ್ತೆಯ ಬಾಣಂತನದ ಕಥೆ ಗೊತ್ತಿತ್ತು, ಭಾಗದ ಜಗಳ ಗೊತ್ತಿತ್ತು, ಮೊಣಕಾಲಿನ ಒಳಗಿನ ಎಲುಬುಗಳೆಲ್ಲ ಗೊತ್ತಿದ್ದವು. ಈ ಎಮ್ಮೆ ಗೊತ್ತಿರಲಿಲ್ಲ. ಅವಳು ಬಾಗಿಲ ಹೊರಗೇ ನಿಂತಳು, ಮತ್ತೆ ಯಾವಾಗ ನಿಲ್ಲುತ್ತದೆ ಎಂದು. ನಿಲ್ಲಲಿಲ್ಲ. ಒದ್ದೆ ಸೀರೆಯ ನೀರು ತೊಟ್ಟಿಕ್ಕಿ ಹೊಸ್ತಿಲು ದಾಟಿ ಕೋಣೆಯೊಳಗೆ ಹೋಗತೊಡಗಿದಾಗ, ಸೀರೆ ಒಣಹಾಕದೆಯೇ ಇಳಿದು ಬಂದಳು. ಬೆಳಿಗ್ಗೆ ತಿಕ್ಕಿದ ಪಾತ್ರೆಗಳನ್ನು ಇನ್ನೊಮ್ಮೆ ತಿಕ್ಕಿದಳು. ಸಂಜೆ ಅವಳು ರೊಟ್ಟಿ ಬಡಿದ ಸದ್ದಿಗೆ ಕಟ್ಟೆಯ ಮೇಲೆ ಸಿನಿಮಾ ನೋಡುತ್ತಿದ್ದವರು ಎದ್ದು ಹೋದರು.

ಊಟಕ್ಕೆ ಕುಳಿತಾಗ ಅವಳು ಹೇಳಿದಳು, ಡಬ್ಬಿಯನ್ನು ಮತ್ತೆ ಮೇಲೆ ಹಾಕಿಸಬೇಕು ಎಂದು.

ನಿಜಗುಣಪ್ಪನ ಕೈತುತ್ತು ಕೈಯಲ್ಲೇ ಉಳಿಯಿತು. ಯಾಕೆ ಎಂದು ಕೇಳಿದ.

"ಪಾಪ, ಉಮಾಶ್ರೀದು ಘಳಿಗಿಗೊಮ್ಮೆ ನಿಲ್ಲತೈತಿ. ಅತ್ತ್ಯಾರಿಗೆ ತ್ರಾಸ ಆಕ್ಕೈತಿ. ನಾವ ಕೆಳಗಿನವರು ಹೆಂಗರ ನಡಸ್ತೇವಿ."

ಸುಭಾಸ ಆ ತಿಂಗಳಲ್ಲಿ ಮೊದಲ ಸಲ ಪಂಕ್ತಿಯಲ್ಲಿ ಬಾಯಿಬಿಟ್ಟ. ವೈನಿಯ ಮನಸ್ಸು ದೊಡ್ಡದು ಎಂದ. ಶಿವಾನಿ ತಾಯಿಯ ಹಣೆ ಮುಟ್ಟಿ ಜ್ವರ ನೋಡಿದಳು. ಉಮಾಶ್ರೀ ಮಾತ್ರ ಅಕ್ಕನ ಮುಖವನ್ನೇ ನೋಡುತ್ತಿದ್ದಳು.

"ಬ್ಯಾಡ್ರಿ ಅಕ್ಕಾರ. ನನಗೇನ ತ್ರಾಸಿಲ್ಲ."

"ಐತಿ."

"ನಿಂತರ ನಿಲ್ಲಲಿ ಬಿಡ್ರಿ. ನಾವೇನ ಅವಸರದಾಗಿಲ್ಲ."

"ನಿಲ್ಲಬಾರದವಾ. ಹೊಸ ಸಂಸಾರ, ಎಲ್ಲಾ ಛಂದ ಓಡಬೇಕು."

"ನನಗ ನಿಂತರನ ಛಲೋ ಅನಸತೈತ್ರಿ."

"ನಿನಗ ತಿಳಿಯಂಗಿಲ್ಲ. ನಾ ಹಿರ್ಯಾಕಿ."

ಹಿರಿಯಳು ಎಂದ ಮೇಲೆ ಮುಗಿಯಿತು. ಮುಸ್ತಕೀಮ ಮತ್ತೆ ಬಂದ. ಮೊಸರಿಲ್ಲದ ಅವಲಕ್ಕಿ ತಿಂದು, ಡಬ್ಬಿಯನ್ನು ಮೊದಲಿದ್ದ ಮೊಳೆಗೇ ತೂಗುಹಾಕಿದ. ಕೆಳಗಿನದು ಸೊರಗಬಾರದು ಎಂದು ಅಲ್ಲಿಂದ ಪಡಸಾಲೆಯ ಕಂಪ್ಯೂಟರಿಗೆ ಒಂದು ತಂತಿಯನ್ನೂ ಎಳೆದುಕೊಟ್ಟ. ಅಂದಿನಿಂದ ಆ ಮನೆಯಲ್ಲಿ ಮೇಲೆ ಕೆಳಗೆ ಎರಡೂ ಕಡೆ ವಿಡಿಯೊ ಒಂದೇ ಸಮನೆ ಹರಿಯಿತು. ಇಡೀ ಮುನವಳ್ಳಿಯಲ್ಲಿ ಅಷ್ಟು ಚೆನ್ನಾಗಿ ಎಲ್ಲಿಯೂ ಹರಿಯುತ್ತಿರಲಿಲ್ಲ ಎಂದು ಅವನೇ ಬೇರೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದ.

ಮೇಲಿನ ನಗು ನಿಂತಿತು. ಅನ್ನಪೂರ್ಣಾ ಮಧ್ಯಾಹ್ನದ ಹೊತ್ತು ಮೆಟ್ಟಿಲ ಬುಡದಲ್ಲಿ ಕುಳಿತು ಅಕ್ಕಿ ಆರಿಸುತ್ತ ಆ ಮೌನವನ್ನು ಕೇಳಿದಳು. ಅದು ಅವಳಿಗೆ ಹೋಳಿಗೆಯಂತೆ ರುಚಿಸಿತು. ನಾಲ್ಕನೆಯ ದಿನವೋ ಐದನೆಯ ದಿನವೋ ಮೊಣಕಾಲು ಒಂದೊಂದೇ ಮೆಟ್ಟಿಲು ಇಳಿದು ಬಂತು.

"ಮ್ಯಾಗಿಂದು ಉಸರ ಬಿಡದ ಓಡತೈತಿ," ಎಂದಳು ಚನ್ನವ್ವ. "ನೋಡಿ ನೋಡಿ ಕಣ್ಣ ತಿರಗತಾವ. ನಿಂದು ಹೆಂಗೈತಿ?"

"ನಂದು ನಿಲ್ಲತೈತ್ರಿ ಅತ್ತಿ," ಎಂದಳು ಅನ್ನಪೂರ್ಣಾ.

ಸೀರಿಯಲ್ ಹಚ್ಚಿದಳು. ಕೀಲಿಮಣೆಯನ್ನು ತನ್ನ ತೊಡೆಯ ಪಕ್ಕಕ್ಕೆ, ಸೆರಗಿನ ಮರೆಗೆ ಇಟ್ಟುಕೊಂಡಳು. ಅದರಲ್ಲಿ ಎಲ್ಲಕ್ಕಿಂತ ಉದ್ದನೆಯ ಗುಂಡಿ ಒತ್ತಿದರೆ ಓಡುವುದು ನಿಲ್ಲುತ್ತದೆ, ಮತ್ತೊಮ್ಮೆ ಒತ್ತಿದರೆ ಓಡುತ್ತದೆ ಎಂದು ಶಿವಾನಿಯಿಂದ ಕೇಳಿ ತಿಳಿದುಕೊಂಡಿದ್ದಳು. ಸ್ವಲ್ಪ ಹೊತ್ತು ಓಡಲು ಬಿಟ್ಟಳು. ಆಮೇಲೆ ಒತ್ತಿದಳು.

"ನಿಂತ್ತೇನ?"

"ಹೂಂರಿ. ನಿಂತತಿ."

"ಏನಾಗೇತೋ ಇದಕ್ಕ."

"ಯಾರಿಗ್ಗೊತ್ತರಿ. ಇದರ ಸ್ವಭಾವನ ಹಂಗ."

ಚನ್ನವ್ವ ಒಂದು ಶೇಂಗಾ ಒಡೆದಳು. ಬೀಜ ಬಾಯಿಗೆ ಹಾಕಿಕೊಂಡಳು. ನಿಂತ ಚಿತ್ರದಲ್ಲಿ ಸೀರಿಯಲ್ಲಿನ ಅತ್ತೆ ಕೈ ಎತ್ತಿಕೊಂಡು ಕಾಯುತ್ತಿದ್ದಳು.

"ನಿನ್ನ ನೋಡಾಕಂತ ರಾಮದುರ್ಗಕ್ಕ ಬಂದಿದ್ವೆಲ್ಲಾ," ಎಂದಳು ಚನ್ನವ್ವ, "ಅವತ್ತ ನಿಮ್ಮವ್ವ ಉಪ್ಪಿಟ್ಟಿಗೆ ಉಪ್ಪ ಹಾಕಾಕ ಮರತಿದ್ಲು."

"ನಮಗ ಯಾರೂ ಹೇಳಲಿಲ್ಲಲ್ಲರಿ."

"ಹೆಂಗ ಹೇಳ್ಯಾರು? ನಿಮ್ಮ ಮಾವ ಬಾಯಾಗ ಇಟಗೊಂಡು ನನ್ನ ಮಾರಿ ನೋಡಿದ. ಅನ್ನಾಕ ಬಾಯಿ ತಗದಿದ್ದ. ನಾ ಅವನ ಕಾಲ ತುಳದೆ. ಎರಡ ಸಲ ಹಾಕಿಸಿಕೊಂಡ ತಿಂದ್ವಿ. ಹುಡುಗಿ ಕೈ ತಪ್ಪಬಾರದಲ್ಲ."

ಅನ್ನಪೂರ್ಣಾ ಆ ಮಧ್ಯಾಹ್ನ ಒಂದು ಶೇಂಗಾವನ್ನೂ ಒಡೆಯಲಿಲ್ಲ. ಆ ಒಂದು ಕಂತು ಸಂಜೆಯಾದರೂ ಮುಗಿಯಲಿಲ್ಲ. ಅದು ಮುಂದೆ ಹದಿನೈದು ದಿನ ಹಿಡಿಯಿತು ಎಂದು ಓಣಿಯಲ್ಲಿ ಹೇಳುತ್ತಾರೆ. ಅಷ್ಟು ಹಿಡಿದಿರಲಿಕ್ಕಿಲ್ಲ, ಒಂದು ವಾರ ಹಿಡಿದಿರಬಹುದು.

ಆ ವಾರದೊಳಗೇ ಒಂದು ಮಧ್ಯಾಹ್ನ ಉಮಾಶ್ರೀ ತನ್ನ ಪಾಲಿನ ಶೇಂಗಾವನ್ನು ಬುಟ್ಟಿಯಲ್ಲಿ ಹಾಕಿಕೊಂಡು ಕೆಳಗೆ ಬಂದಳು. ಮೇಲೆ ಒಬ್ಬಳಿಗೇ ಬೇಜಾರು ಎಂದಳು. ಚನ್ನವ್ವ ಸರಿದು ಜಾಗ ಮಾಡಿದಳು. ಅತ್ತೆಯ ಆಚೆ ಮಗ್ಗುಲಿಗೆ ಕೂಡಬೇಕಿದ್ದವಳು ಈಚೆ ಬಂದು, ಅತ್ತೆಗೂ ಅಕ್ಕನಿಗೂ ನಡುವೆ ಸೇರಿಕೊಂಡಳು.

ಅನ್ನಪೂರ್ಣಾ ಒತ್ತಿದಳು. ಚಿತ್ರ ನಿಂತಿತು. ಚನ್ನವ್ವ, ಹಿಂದೆ ಒಂದು ಬರಗಾಲದಲ್ಲಿ ಮಾವ ಬೈಲಹೊಂಗಲದಿಂದ ಹೊತ್ತು ತಂದ ಬೆಲ್ಲದ ಪೆಂಟೆಯನ್ನು ಇರುವೆಗಳು ಹೇಗೆ ಹೊಸ್ತಿಲ ತನಕ ಎಳೆದುಕೊಂಡು ಹೋದವು ಎಂದು ಹೇಳಿದಳು. ಮುಗಿದ ಮೇಲೆ ಅನ್ನಪೂರ್ಣಾ ಮತ್ತೆ ಒತ್ತಿದಳು, ಚಿತ್ರ ಹೊರಟಿತು. ಉಮಾಶ್ರೀಯ ಕಣ್ಣು ತೆರೆಯ ಮೇಲಿರಲಿಲ್ಲ. ಸೆರಗಿನ ಕೆಳಗಿನ ಬೆರಳಿನ ಮೇಲಿತ್ತು. ಅನ್ನಪೂರ್ಣಾ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಉಮಾಶ್ರೀ ನೋಡಿದಳು. ಇಬ್ಬರೂ ಶೇಂಗಾ ಒಡೆದರು.

ತೆರೆಯ ಮೇಲೆ ಸೀರಿಯಲ್ಲಿನ ಕಿರಿಯ ಸೊಸೆ ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ಚನ್ನವ್ವ ಗಂಟಲು ಸರಿ ಮಾಡಿಕೊಂಡಳು. ಅನ್ನಪೂರ್ಣಾಳ ಬೆರಳು ಉದ್ದನೆಯ ಗುಂಡಿಯ ಕಡೆ ಹೊರಟಿತು. ಅಲ್ಲಿ ಆಗಲೇ ಬಳೆ ತೊಟ್ಟ ಇನ್ನೊಂದು ಕೈ ಇತ್ತು.

"ನಿಂತತ್ರಿ ಅತ್ತಿ," ಎಂದಳು ಉಮಾಶ್ರೀ.

ಚನ್ನವ್ವ ಅವಳ ಕಡೆ ತಿರುಗಿ, ಶುರು ಮಾಡಿದಳು.